ಪಾರ್ಕಿನ್ಸನ್ ರೋಗಿಯ ಮನಸ್ಸಿಗೂ ಒಂದು ಚೀಟಿ ಬರೆಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಪಾರ್ಕಿನ್ಸನ್ ಕಾಯಿಲೆ ಇರುವವರಿಗೂ ಅವರ ಮನೆಯವರಿಗೂ ಮಾನಸಿಕ, ಸಾಮಾಜಿಕ ಆರೈಕೆಯನ್ನು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ತಿಪಟೂರಿನವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಮನೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಜೀವಮಾನವಿಡೀ ಲೆಕ್ಕ ಬರೆದವರು. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಹಲವು ವರ್ಷಗಳಾದವು. ನಮ್ಮ ಮನೆಗೆ ಏನಾದರೂ ಕೊಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನನಗೆ ಪಿಂಚಣಿ ಬರುತ್ತದೆ, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಾತ್ರೆಯ ದುಡ್ಡಿಗೆ ತೊಂದರೆಯಿಲ್ಲ. ಇಷ್ಟೆಲ್ಲ ಇದ್ದೂ ನಮಗೆ ಸಿಗದ ಆರೈಕೆಯೊಂದಿದೆ. ಇದ್ಯಾವುದೂ ಇಲ್ಲದ ಮನೆಗಳ ಪಾಡನ್ನು ತಾವೇ ಊಹಿಸಿ. ಇಲಾಖೆಗೆ ಹಿಂದೊಮ್ಮೆ ಅರ್ಜಿ ಬರೆದಿದ್ದೆ. ಬಂದದ್ದು ಸ್ವೀಕೃತಿ ಸಂಖ್ಯೆ ಮಾತ್ರ. ಆದ್ದರಿಂದ ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟೇ. ಈ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ, ಕಾಲು ಬಿಗಿಯುವುದಕ್ಕೆ ನರರೋಗ ತಜ್ಞರಿದ್ದಾರೆ, ಮಾತ್ರೆಗಳಿವೆ. ಅದೇ ಕಾಯಿಲೆ ಮನಸ್ಸಿಗೆ, ಸಂಸಾರಕ್ಕೆ, ಊರಿನ ನಡುವೆ ಮನುಷ್ಯನಿಗಿದ್ದ ಸ್ಥಾನಕ್ಕೆ ಏನು ಮಾಡುತ್ತದೆ ಎಂಬುದು ಯಾವ ಒಪಿಡಿಯ ಕೆಲಸವೂ ಅಲ್ಲ. ನನಗೆ ಇದಕ್ಕಿಂತ ಹೆಚ್ಚು ಬೇಸರ ತಂದಿರುವ ಸಂಗತಿ ಇನ್ನೊಂದಿದೆ. ಆ ಕೆಲಸ ಮಾಡಬಲ್ಲವರು ತಮ್ಮ ಸರ್ಕಾರದ ಸಂಬಳಪಟ್ಟಿಯಲ್ಲಿ ಈಗಾಗಲೇ ಇದ್ದಾರೆ.

ಮೊದಲು ಕಾಯಿಲೆ ಕಾಣಿಸಿಕೊಂಡ ಬಗೆ ಹೇಳುತ್ತೇನೆ. ಮಂಡಿಯ ಖಾತೆ ಪುಸ್ತಕಗಳನ್ನು ನಮ್ಮ ಮನೆಯವರು ಮುದ್ದಾದ ದುಂಡಕ್ಷರದಲ್ಲಿ ಬರೆಯುತ್ತಿದ್ದರು. ಒಂದು ವರ್ಷ ಆ ಅಕ್ಷರ ಸಾಲಿನ ಬಲತುದಿಗೆ ಬರುವಷ್ಟರಲ್ಲಿ ಸಾಸಿವೆ ಗಾತ್ರಕ್ಕೆ ಇಳಿಯತೊಡಗಿತು. ಎಡಗಡೆ ಬರೆದ ರೈತರ ಹೆಸರು ಓದಬಹುದಿತ್ತು, ಬಲಗಡೆಯ ಮೊತ್ತ ಓದಲಾಗುತ್ತಿರಲಿಲ್ಲ. ಕನ್ನಡಕ ಬದಲಾಯಿಸಿದರು, ಪೆನ್ನು ಬದಲಾಯಿಸಿದರು. ನಡುಕ ಬಂದದ್ದು ಆಮೇಲೆ. ಮಿದುಳಿನಲ್ಲಿ ಮೈಯ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ, ಲಕ್ಷಣ ಎದ್ದು ಕಾಣುವ ಹೊತ್ತಿಗೆ ಬಹುಪಾಲು ಹೋಗಿರುತ್ತವೆ ಎಂದು ವೈದ್ಯರು ತಿಳಿಸಿ ಹೇಳಿದರು. ಲೆವೊಡೋಪಾ, ಕಾರ್ಬಿಡೋಪಾ ಸೇರಿದ ಮಾತ್ರೆ ಕೊಟ್ಟರು. ಕೆಲವೇ ವಾರಗಳಲ್ಲಿ ಕೈ ಹತೋಟಿಗೆ ಬಂತು. ಆ ವೈದ್ಯರ ಮೇಲೆ ನನ್ನ ದೂರೇನೂ ಇಲ್ಲ, ಕೃತಜ್ಞತೆಯೇ ಇದೆ.

ಆದರೆ ಅಕ್ಷರ ಕುಗ್ಗುವುದಕ್ಕೂ ಎಷ್ಟೋ ಮುಂಚೆ ಮನುಷ್ಯ ಕುಗ್ಗಿದ್ದರು. ಸಂಜೆ ಕೆರೆ ಏರಿಯ ಮೇಲೆ ಸ್ನೇಹಿತರ ಜತೆ ಹೋಗುವುದು ನಿಂತಿತ್ತು. ಮೊಮ್ಮಗಳು ಬಂದರೂ ಮುಖದಲ್ಲಿ ನಗು ಬರುತ್ತಿರಲಿಲ್ಲ. ನಿವೃತ್ತಿಯಾಗುವವರಿಗೆ ಹೀಗೇ ಅಂದುಕೊಂಡೆವು. ಪಾರ್ಕಿನ್ಸನ್ ಇರುವವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಚಿಕಿತ್ಸೆ ಬೇಕಾಗುವಂಥ ಖಿನ್ನತೆ ಇರುತ್ತದೆ, ಅದು ನಡುಕಕ್ಕಿಂತ ವರ್ಷಗಟ್ಟಲೆ ಮುಂಚೆಯೇ ಬರಬಹುದು ಎಂಬುದು ಎಷ್ಟೋ ಕಾಲದ ನಂತರ ತಿಳಿಯಿತು. ಕಾಯಿಲೆ ಬಂತಲ್ಲಾ ಎಂಬ ಕೊರಗಷ್ಟೇ ಅಲ್ಲ ಅದು. ಮಿದುಳಿನಲ್ಲಾಗುವ ಅದೇ ಬದಲಾವಣೆಗಳ ಇನ್ನೊಂದು ಮುಖ. ಅಂದರೆ ಖಿನ್ನತೆಯೂ ಪಾರ್ಕಿನ್ಸನ್‌ನ ಲಕ್ಷಣವೇ, ಕೈ ನಡುಗುವಷ್ಟೇ ಖಚಿತವಾದ ಲಕ್ಷಣ. ಕಾರಣವಿಲ್ಲದ ಗಾಬರಿ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ರಾತ್ರಿ ಕನಸಿನಲ್ಲಿ ಕೂಗಾಡಿ ಕೈಕಾಲು ಬೀಸುವುದು, ಮುಂದೆ ಮರೆವು, ಭ್ರಮೆ ಇವೂ ಅದರ ಪಟ್ಟಿಯಲ್ಲೇ ಬರುತ್ತವೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಪುಟ್ಟ ಪ್ರಬಂಧ ಬರೆದರು. ಅವರು ಆಧಾರವಾಗಿ ಇಟ್ಟುಕೊಂಡದ್ದು ಆರು ಮಂದಿಯನ್ನು, ಅವರಲ್ಲಿ ಕೆಲವರನ್ನು ರಸ್ತೆಯಲ್ಲಿ ಕಂಡದ್ದಷ್ಟೇ. ಇಂದ್ರಿಯಗಳಿಗೂ ಬುದ್ಧಿಗೂ ಏನೂ ಆಗುವುದಿಲ್ಲ ಎಂದು ಅದರಲ್ಲಿ ಬರೆದಿದ್ದರು. ಆ ಕಾಲಕ್ಕೆ ಅಷ್ಟು ಕಂಡದ್ದೇ ದೊಡ್ಡದು. ಆದರೆ ಇನ್ನೂರು ವರ್ಷ ಕಳೆದ ಮೇಲೂ ನಮ್ಮ ಒಪಿಡಿಗಳು ಆ ಸಾಲಿನ ಪ್ರಕಾರವೇ ನಡೆಯುತ್ತಿವೆ. ಎದ್ದು ನಿಲ್ಲಿ, ನಾಲ್ಕು ಹೆಜ್ಜೆ ನಡೆಯಿರಿ, ಹೆಬ್ಬೆರಳಿಗೆ ತೋರುಬೆರಳು ತಟ್ಟಿ, ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತಿದೆ? ಅಲ್ಲಿಗೆ ಮುಗಿಯಿತು, ಮುಂದಿನವರನ್ನು ಕಳಿಸಿ. ಬಾಗಿಲಾಚೆ ನೂರು ಜನ ಕಾದಿರುವಾಗ ವೈದ್ಯರನ್ನು ದೂರಿ ಪ್ರಯೋಜನವಿಲ್ಲ, ನಾನೂ ಅದನ್ನು ಕಣ್ಣಾರೆ ಕಂಡವಳೇ. ಆದರೆ "ಮನಸ್ಸಿಗೆ ಹೇಗಿದೆ?" ಎಂದು ಕೇಳಲು ನರರೋಗ ತಜ್ಞರೇ ಬೇಕೆಂದೇನಿಲ್ಲವಲ್ಲ. ಆ ಪ್ರಶ್ನೆ ಕೇಳುವವರು ಆ ಕಟ್ಟಡದಲ್ಲೇ ಇನ್ನೊಂದು ಕೋಣೆಯಲ್ಲಿ ಕೂತಿರುತ್ತಾರೆ. ನಮ್ಮನ್ನು ಅಲ್ಲಿಗೆ ಯಾರೂ ಕಳಿಸುವುದಿಲ್ಲ.

ಇನ್ನು ಊರಿನ ಮಾತು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗ ನಮ್ಮ ಮನೆಯವರ ಕೈಯಿಂದ ಸಾರು ಪಕ್ಕದವರ ರೇಷ್ಮೆ ಪಂಚೆಯ ಮೇಲೆ ಚೆಲ್ಲಿತು. ಆ ಪುಣ್ಯಾತ್ಮ ಏನೂ ಅನ್ನಲಿಲ್ಲ, ಒಂಚೂರು ಸರಿದು ಕೂತರು. ಅಂದಿನಿಂದ ಇವರು ಯಾವ ಮದುವೆಗೂ ಬಂದಿಲ್ಲ. ಬಸ್ಸಿನಲ್ಲಿ ತೂರಾಡಿ ನಡೆದದ್ದಕ್ಕೆ, ಮಾತು ತೊದಲಿದ್ದಕ್ಕೆ, ಬೆಳಗಿನ ಹೊತ್ತಿನಲ್ಲೇ ಕುಡಿದವರೆಂದು ಅನ್ನಿಸಿಕೊಂಡಿದ್ದಾರೆ. ಬ್ಯಾಂಕಿನಲ್ಲಿ ಸಹಿ ತಾಳೆಯಾಗುವುದಿಲ್ಲವೆಂದು ಚೆಕ್ಕು ವಾಪಸು ಬಂತು. ಕೌಂಟರಿನಲ್ಲಿದ್ದ ಹುಡುಗ ಇಂಕ್ ಪ್ಯಾಡ್ ಮುಂದೆ ತಳ್ಳಿ, "ಹೆಬ್ಬೆಟ್ಟು ಒತ್ತಿಬಿಡಿ ಅಜ್ಜಾ, ಸುಲಭ" ಎಂದ. ಅವನು ಹೇಳಿದ್ದು ಸಹಾಯವಾಗಲೆಂದೇ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಇಡೀ ಮಂಡಿಯ ಲೆಕ್ಕಕ್ಕೆ ಸಹಿ ಹಾಕಿದ ಮನುಷ್ಯ ಆ ಪ್ಯಾಡನ್ನು ನೋಡಿದ ನೋಟ ನಾನು ಮರೆಯುವಂತಿಲ್ಲ. ಮನೆಯ ಊಟವೂ ಈಗ ಒಟ್ಟಿಗೆ ಆಗುವುದಿಲ್ಲ. ಬೇಳೆ, ಮೊಸರಿನಂಥ ಪ್ರೋಟೀನು ಜತೆಗೆ ಬಿದ್ದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಆದ್ದರಿಂದ ಊಟದ ವೇಳೆ ಗಡಿಯಾರ ಹೇಳಿದಂತೆ. ಮಗ ಸೊಸೆ ಬಂದಾಗಲೂ ಅವರೊಬ್ಬರದು ಬೇರೆ ಪಂಕ್ತಿ. ಇವನ್ನೆಲ್ಲ ಕೇಳಿದವರು ಸಣ್ಣ ವಿಷಯ ಅನ್ನಬಹುದು. ಒಬ್ಬ ಮನುಷ್ಯ ಊರಿನಿಂದ ಕಳಚಿಕೊಳ್ಳುವುದು ಇಂಥ ಸಣ್ಣ ವಿಷಯಗಳಿಂದಲೇ, ಸ್ವಾಮಿ.

ನರದ ವಿಭಾಗ ಒಂದು ಕಡೆ, ಮನಸ್ಸಿನ ವಿಭಾಗ ಒಂದು ಕಡೆ ಎಂಬ ಈ ವ್ಯವಸ್ಥೆಯಿಂದ ಬರೀ ನೋವಲ್ಲ, ಅಪಾಯವೂ ಇದೆ. ಅದಕ್ಕೆ ನಮ್ಮ ಮನೆಯೇ ಸಾಕ್ಷಿ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಪಡಸಾಲೆಯ ಬೆಂಚಿನ ಮೇಲೆ ಮಕ್ಕಳು ಕೂತಿರುವಂತೆ ಕಾಣತೊಡಗಿತು. ಹೆದರಿಕೆಯೇನೂ ಇರಲಿಲ್ಲ. "ಪಾಪ, ಎಷ್ಟೊತ್ತಿಂದ ಕೂತಿವೆ, ಏನಾದರೂ ತಿನ್ನಲು ಕೊಡು" ಎನ್ನುತ್ತಿದ್ದರು. ನಂತರ ಅನುಮಾನ ಶುರುವಾಯಿತು, ಬೀರುವಿನ ಬೀಗದ ಕೈಯನ್ನು ನಾನು ಯಾರಿಗೋ ಕೊಟ್ಟೆನೆಂದು ರಾತ್ರಿಯೆಲ್ಲ ಜಗಳ. ಹತ್ತಿರದ ಆಸ್ಪತ್ರೆಯೊಂದರ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದೆವು. ಪಾರ್ಕಿನ್ಸನ್ ಇದೆ ಎಂದು ಹೇಳಿದೆವು, ಚೀಟಿಗಳನ್ನೂ ತೋರಿಸಿದೆವು. ಭ್ರಮೆಗೆಂದು ಹಾಲೋಪೆರಿಡಾಲ್ ಬರೆದರು. ವಾರ ತುಂಬುವುದರೊಳಗೆ ಇವರು ಹಾಸಿಗೆಯಲ್ಲಿ ಹಲಗೆಯಂತೆ ಬಿಗಿದುಕೊಂಡರು, ಗುಟುಕು ನೀರು ನುಂಗಲೂ ಆಗುತ್ತಿರಲಿಲ್ಲ. ಬೆಂಗಳೂರಿನ ನರರೋಗ ತಜ್ಞರು ಫೋನಿನಲ್ಲಿ ಮಾತ್ರೆಯ ಹೆಸರು ಕೇಳಿದ ಕೂಡಲೇ "ನಿಲ್ಲಿಸಿ, ಇವತ್ತೇ ನಿಲ್ಲಿಸಿ" ಎಂದರು.

ಆ ಮಾತ್ರೆ ಡೋಪಮೈನಿಗೇ ಅಡ್ಡಗಟ್ಟುವಂಥದ್ದು. ಡೋಪಮೈನ್ ಇಲ್ಲದೆಯೇ ಕಷ್ಟಪಡುತ್ತಿರುವ ಪಾರ್ಕಿನ್ಸನ್ ರೋಗಿಗೆ ಅದನ್ನು ಕೊಡಬಾರದು ಎಂಬುದು ವೈದ್ಯಶಾಸ್ತ್ರದಲ್ಲಿ ಹೊಸ ವಿಷಯವಲ್ಲ. ವಾಂತಿಗೆ ಎಲ್ಲ ಕಡೆ ಸಲೀಸಾಗಿ ಹಾಕುವ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೂಡ ಹಾಗೆಯೇ. ಅದರ ಬದಲು ಡೊಂಪೆರಿಡೋನ್ ಇದೆ. ಭ್ರಮೆ ಬಂದಾಗ ಮೊದಲು ಸೋಂಕಿದೆಯೇ, ಮಲಬದ್ಧತೆಯಿದೆಯೇ ಎಂದು ನೋಡಬೇಕು, ಪಾರ್ಕಿನ್ಸನ್ ಮಾತ್ರೆಗಳಲ್ಲಿ ಯಾವುದನ್ನು ತಗ್ಗಿಸಬಹುದೆಂದು ಯೋಚಿಸಬೇಕು, ಅಷ್ಟಕ್ಕೂ ಬಗ್ಗದಿದ್ದರೆ ಕ್ವೆಟಿಯಾಪಿನ್, ಕ್ಲೋಜಪಿನ್‌ನಂಥ ಬೇರೆ ಔಷಧಿಗಳಿವೆ. ಇದನ್ನು ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರಮ್ಮ ಹೇಳಿಕೊಡಬೇಕಾಗಿ ಬಂದಿರುವುದು ನನಗೇ ಸರಿ ಕಾಣುತ್ತಿಲ್ಲ. ಎರಡೂ ವಿಭಾಗದವರು ತಿಂಗಳಿಗೊಮ್ಮೆಯಾದರೂ ಒಂದೇ ಮೇಜಿನ ಸುತ್ತ ಕೂತಿದ್ದರೆ ನಾನು ಇದನ್ನೆಲ್ಲ ಕಲಿಯುವ ಅಗತ್ಯವೇ ಬರುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳು ಈ ಕಾಯಿಲೆಗೆ ಒಳ್ಳೆಯ ಔಷಧಿಗಳೇ. ಆದರೆ ಕೆಲವರಲ್ಲಿ ಅವು ತಡೆಯಲಾಗದ ಚಟ ಹುಟ್ಟಿಸುತ್ತವೆ: ಜೂಜು, ವಿಪರೀತ ಖರೀದಿ, ತಿನ್ನುವ ಹುಚ್ಚು, ಕಾಮದ ಅತಿರೇಕ. ನಮಗೆ ಗೊತ್ತಿರುವ ನಿವೃತ್ತ ನೌಕರರೊಬ್ಬರು ಹುಟ್ಟಿನಿಂದ ಇಸ್ಪೀಟು ಎಲೆ ಮುಟ್ಟಿದವರಲ್ಲ. ಈ ಮಾತ್ರೆ ಶುರುವಾದ ಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ರಮ್ಮಿ ಆಡಿ ಪಿ.ಎಫ್. ಹಣ ಕಳೆದರು. ಮಕ್ಕಳು ಮಾತು ಬಿಟ್ಟರು, ನೆಂಟರು ಛೀಮಾರಿ ಹಾಕಿದರು. ಮಾತ್ರೆ ತಗ್ಗಿಸಿದ ಮೇಲೆ ಚಟವೂ ಇಳಿಯಿತು, ಹೋದ ಮರ್ಯಾದೆ ಮಾತ್ರ ವಾಪಸು ಬರಲಿಲ್ಲ. ಇನ್ನೊಬ್ಬ ಹೆಣ್ಣುಮಗಳು ತನ್ನ ಗಂಡನ ವಿಷಯವನ್ನು ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ನನ್ನ ಹತ್ತಿರ ಹೇಳಿ ಅತ್ತಳು. ಒಡಹುಟ್ಟಿದ ಅಕ್ಕನಿಗೂ ಹೇಳಿರಲಿಲ್ಲವಂತೆ. ಇದು ಔಷಧಿಯ ಅಡ್ಡಪರಿಣಾಮ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಮಾತ್ರೆ ಬರೆಯುವ ದಿನವೇ, ಹೆಂಡತಿಯನ್ನೋ ಮಗಳನ್ನೋ ಪಕ್ಕಕ್ಕೆ ಕರೆದು ಎರಡು ಮಾತು ಹೇಳಿದ್ದರೆ ಸಾಕಾಗಿತ್ತು.

ಹೆಂಗಸರಿಗೇ ಈ ಕಾಯಿಲೆ ಬಂದರೆ ಕಥೆ ಬೇರೆ. ಗಂಡಸು ಕುಗ್ಗಿದರೆ ಮನೆಯವರ ಕಣ್ಣಿಗೆ ಬೀಳುತ್ತದೆ. ಹೆಂಗಸು ನಿಧಾನವಾದರೆ "ಮೈಗಳ್ಳಿಯಾದಳು" ಎನ್ನುತ್ತಾರೆ. ರಾಗಿ ಮುದ್ದೆ ತಿರುವಲಾಗದೆ, ಸೀರೆ ನೆರಿಗೆ ಹಿಡಿಯಲಾಗದೆ, ಕುಂಕುಮ ನೆಟ್ಟಗಿಡಲಾಗದೆ ಒಳಗೊಳಗೇ ಕೊರಗುವವರನ್ನು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಕಂಡಿದ್ದೇನೆ. ಅವರಲ್ಲಿ ಒಬ್ಬಾಕೆಯನ್ನು ಮಂತ್ರ ಹಾಕಿಸಲು ಊರೂರು ಸುತ್ತಿಸಿ, ಕೊನೆಗೆ ಆಸ್ಪತ್ರೆಗೆ ತಂದರು. ಆಶಾ ಕಾರ್ಯಕರ್ತೆ ಆ ಮನೆಯ ಬಾಗಿಲಿಗೆ ಎಷ್ಟೋ ಸಲ ಹೋಗಿದ್ದವಳೇ. ಆದರೆ ಏನನ್ನು ನೋಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆರೈಕೆ ಮಾಡುವವರ ಬಗ್ಗೆಯೂ ಹೇಳದೆ ಮುಂದೆ ಹೋಗುವಂತಿಲ್ಲ. ರಾತ್ರಿ ಮಗ್ಗುಲು ಬದಲಾಯಿಸಲು ಏಳಬೇಕು, ಬಚ್ಚಲಿಗೆ ಕರೆದೊಯ್ಯಲು ಏಳಬೇಕು, ಕನಸಿನಲ್ಲಿ ಅವರು ಬೀಸಿದ ಕೈ ನನ್ನ ಮುಖಕ್ಕೆ ಬಿದ್ದಾಗಲೂ ಏಳಬೇಕು. ಹೊಸಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಾರೆ, ಎಳೆದರೆ ಬೀಳುತ್ತಾರೆ. ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ ಅದನ್ನು ದಾಟಿಸಿದರೆ, ಇಲ್ಲವೇ ಒಂದು ಎರಡು ಎಂದು ಗಟ್ಟಿಯಾಗಿ ಎಣಿಸಿದರೆ ಕಾಲು ಬರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ಇನ್ನೊಬ್ಬ ರೋಗಿಯ ಮಗಳು ಹೇಳಿದಳು. ಈಗ ನಮ್ಮ ಮನೆಯ ಹೊಸಿಲುಗಳಿಗೆಲ್ಲ ಪಟ್ಟಿ ಇದೆ. ನನಗೂ ಬಿ.ಪಿ. ಇದೆ, ಸೊಂಟ ನೋವಿದೆ. ಇಷ್ಟು ವರ್ಷದಲ್ಲಿ ಯಾವ ಒಪಿಡಿಯಲ್ಲೂ "ನೀವು ಹೇಗಿದ್ದೀರಮ್ಮ? ನಿದ್ದೆ ಮಾಡ್ತೀರಾ?" ಎಂದು ನನ್ನನ್ನು ಕೇಳಿದವರಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಜತೆಗೆ ಪಾರ್ಕಿನ್ಸನ್ ಇರುವವರ ಆರೈಕೆದಾರರಿಗೂ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿದಾಗ, ನಮ್ಮಂಥವರು ಇದ್ದೇವೆಂದು ಮೊದಲ ಬಾರಿಗೆ ಯಾರೋ ಗುರುತಿಸಿದರು ಅನ್ನಿಸಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 21 ಬಗೆಯ ಅಂಗವಿಕಲತೆಗಳ ಪಟ್ಟಿಯಲ್ಲೂ ಪಾರ್ಕಿನ್ಸನ್ ಇದೆ. ಆದರೆ ಕಾಗದದ ಮೇಲಿನ ಈ ಹಕ್ಕು ಕೈಗೆ ಬರಬೇಕಾದರೆ ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಬೇಕು, ಶೇ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆ ಎಂದು ವೈದ್ಯಕೀಯ ಮಂಡಳಿ ಬರೆದುಕೊಡಬೇಕು. ಎಡವುವುದು ಇಲ್ಲೇ. ಈ ಕಾಯಿಲೆ ದಿನದಲ್ಲಿ ಹತ್ತು ಬಣ್ಣ ಬದಲಾಯಿಸುತ್ತದೆ. ಮಾತ್ರೆ ಏರಿದಾಗ ರೋಗಿ ನಡೆದಾಡುತ್ತಾನೆ, ಇಳಿದಾಗ ಕುರ್ಚಿಯಿಂದ ಏಳಲಾರ. ಬೆಳಗಿನ ಮಾತ್ರೆ ನುಂಗಿ, ಬಸ್ಸು ಹಿಡಿದು ಹೋದವರು ಮಂಡಳಿಯ ಮುಂದೆ ನೆಟ್ಟಗೆ ನಿಂತಿರುತ್ತಾರೆ. "ಚೆನ್ನಾಗಿಯೇ ಇದ್ದೀರಲ್ಲ" ಎಂಬ ಮಾತು ಕೇಳಿ ವಾಪಸು ಬಂದವರಿದ್ದಾರೆ. ಅದಕ್ಕಾಗಿ ತಪಾಸಣೆಯ ದಿನ ಬೇಕೆಂದೇ ಮಾತ್ರೆ ತಪ್ಪಿಸಿ, ರೋಗಿಯನ್ನು ಮರದ ಬೊಂಬೆಯಂತೆ ಎತ್ತಿಕೊಂಡು ಹೋಗುವ ಮನೆಗಳೂ ಇವೆ. ಹಕ್ಕಿನ ಚೀಟಿಗಾಗಿ ಒಬ್ಬ ವೃದ್ಧನನ್ನು ಅಷ್ಟು ನರಳಿಸಬೇಕೇ? ಖಿನ್ನತೆ, ಭ್ರಮೆ, ಮರೆವು ಅವನನ್ನು ಎಷ್ಟು ಪರಾಧೀನ ಮಾಡಿವೆ ಎಂದು ಮನೆಯವರ ಬಾಯಿಂದ ಕೇಳುವವರೂ ಅಲ್ಲಿಲ್ಲ.

ಈಗ ತಮ್ಮ ಇಲಾಖೆಯ ಕೈಯಲ್ಲಿ ಏನೇನಿದೆ ಎಂಬುದನ್ನು ತಮಗೇ ನೆನಪಿಸುವ ಧೈರ್ಯ ಮಾಡುತ್ತೇನೆ. ಮಾನಸಿಕ ಆರೋಗ್ಯವನ್ನು ಜಿಲ್ಲೆಯ ಮಟ್ಟದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಆ ಕಾರ್ಯಕ್ರಮದಡಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕರ ತಂಡಕ್ಕೆ ಅವಕಾಶವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರಲ್ಲಿ ನಿಮ್ಹಾನ್ಸ್ ಜತೆಗೂಡಿ ಶುರು ಮಾಡಿದ ಮೆದುಳಿನ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಬ್ರೈನ್ ಹೆಲ್ತ್ ಕ್ಲಿನಿಕ್ ಬಂದವು. ಅಲ್ಲಿ ಮುಖ್ಯ ಗಮನ ತಲೆನೋವು, ಮೂರ್ಛೆ ರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಮೇಲೆ. ಅದೇ ವರ್ಷ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತದೆ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರು ಅಂಗವಿಕಲರ ಇಲಾಖೆಯವರು. ಮನೆ ಬಾಗಿಲಿಗೆ ಬಂದು ಬಿ.ಪಿ., ಶುಗರ್ ನೋಡುವ ಗೃಹ ಆರೋಗ್ಯವೂ ಬಂತು. ಇದರ ಮೇಲೆ, ಸರ್ಕಾರಿ ಸೇವೆಯಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಇಷ್ಟೆಲ್ಲ ಕವಲುಗಳಿದ್ದೂ ಪಾರ್ಕಿನ್ಸನ್ ರೋಗಿಯ ಮನೆಗೆ ಯಾವುದೂ ಹರಿದು ಬರುತ್ತಿಲ್ಲ. ಮನೋವೈದ್ಯರ ಬಳಿ ಹೋದರೆ ಇದು ನರದ ಕಾಯಿಲೆ, ನರರೋಗದವರ ಬಳಿ ಹೋದರೆ ಮನಸ್ಸಿನದು ನಮ್ಮ ವಿಭಾಗವಲ್ಲ, ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಮೊದಲು ಕಾರ್ಡ್ ತನ್ನಿ. ಈ ಮೂರು ಉತ್ತರಗಳನ್ನೂ ನಾನು ಖುದ್ದು ಕೇಳಿಸಿಕೊಂಡಿದ್ದೇನೆ, ಮೂವರೂ ಮರ್ಯಾದೆಯಿಂದಲೇ ಹೇಳಿದರು.

ಆದ್ದರಿಂದ ನನ್ನ ಮೊದಲ ಕೋರಿಕೆ, ಬೇರೇನೂ ಆಗದಿದ್ದರೂ ಇದೊಂದು ಆಗಲಿ. ಪ್ರತಿ ಜಿಲ್ಲಾ ಆಸ್ಪತ್ರೆಯ ಬ್ರೈನ್ ಹೆಲ್ತ್ ಕ್ಲಿನಿಕ್‌ನಲ್ಲಿ ತಿಂಗಳಿಗೆ ಒಂದು ದಿನವನ್ನು ಪಾರ್ಕಿನ್ಸನ್ ರೋಗಿಗಳಿಗಾಗಿ ಗೊತ್ತು ಮಾಡಿ. ಅಂದು ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಸಮಾಜ ಕಾರ್ಯಕರ್ತರು ಅದೇ ಕೋಣೆಯಲ್ಲಿ ಕೂರಲಿ. ಒಪಿಡಿ ಚೀಟಿಯಲ್ಲಿ ನಡಿಗೆ, ನಡುಕದ ಜತೆಗೆ ಮನಸ್ಸು, ನಿದ್ದೆ, ಭ್ರಮೆ, ಚಟ ಎಂಬ ಸಾಲುಗಳೂ ಇರಲಿ, ಕೊನೆಯಲ್ಲಿ ಆರೈಕೆ ಮಾಡುವವರ ಆರೋಗ್ಯ ಎಂಬ ಸಾಲೂ ಇರಲಿ. ಸಾಲು ಅಚ್ಚಾಗಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಶಾಲೆಯ ಹಾಜರಿ ಪುಸ್ತಕ ನೋಡಿ ಬೆಳೆದವಳು ನಾನು, ಖಾಲಿ ಕಾಲಂ ಬಿಡಲು ಯಾವ ಸರ್ಕಾರಿ ನೌಕರನಿಗೂ ಮನಸ್ಸು ಬರುವುದಿಲ್ಲ. ಖಿನ್ನತೆಗೆ ಮಾತ್ರೆ ಜತೆಗೆ ಮಾತಿನ ಚಿಕಿತ್ಸೆಯೂ ಈ ರೋಗಿಗಳಲ್ಲಿ ಕೆಲಸ ಮಾಡುತ್ತದೆ. 2011ರಲ್ಲೇ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತು ವಾರಗಳ ಅಂಥ ಚಿಕಿತ್ಸೆಯಿಂದ ರೋಗಿಗಳು ಚೇತರಿಸಿಕೊಂಡದ್ದು ಕಂಡಿತ್ತು. ನಮ್ಮ ಮನಶ್ಶಾಸ್ತ್ರಜ್ಞರಿಗೆ ಆ ವಿದ್ಯೆ ಬರುತ್ತದೆ, ರೋಗಿ ಅವರ ಮುಂದೆ ಬಂದು ಕೂರಬೇಕಷ್ಟೆ.

ಎರಡನೆಯದು ಬಹಳ ಅಗ್ಗದ್ದು. ಪ್ರತಿ ರೋಗಿಗೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಕಾರ್ಡ್ ಕೊಡಿ, ಜೇಬಿನಲ್ಲಿ ಹಿಡಿಸುವಷ್ಟು. ಒಂದು ಬದಿಯಲ್ಲಿ ಈ ರೋಗಿಗೆ ಕೊಡಬಾರದ ಔಷಧಿಗಳ ಹೆಸರು, ಆಸ್ಪತ್ರೆಗೆ ಸೇರಿಸಿದರೂ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕೆಂಬ ಸೂಚನೆ. ಇನ್ನೊಂದು ಬದಿಯಲ್ಲಿ, "ನನಗೆ ಪಾರ್ಕಿನ್ಸನ್ ಇದೆ. ನಾನು ಕುಡಿದಿಲ್ಲ. ಮಾತು, ನಡಿಗೆ, ಸಹಿ ನಿಧಾನ. ದಯವಿಟ್ಟು ಒಂದು ನಿಮಿಷ ಕೊಡಿ" ಎಂಬ ನಾಲ್ಕು ವಾಕ್ಯ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ತೋರಿಸಲಿಕ್ಕೆ.

ವೈದ್ಯಕೀಯ ಮಂಡಳಿಗಳಿಗೆ ಒಂದು ಸುತ್ತೋಲೆ ಹೋಗಲಿ. ಪಾರ್ಕಿನ್ಸನ್ ರೋಗಿಯ ಒಂದು ಹೊತ್ತಿನ ಸ್ಥಿತಿ ನೋಡಿ ಶೇಕಡಾವಾರು ಬರೆಯುವುದು ಬೇಡ, ಮಾತ್ರೆ ಇಳಿದಾಗ ಹೇಗಿರುತ್ತಾರೆ ಎಂಬ ಮನೆಯವರ ಹೇಳಿಕೆ, ಬೇಕಿದ್ದರೆ ಮೊಬೈಲಿನಲ್ಲಿ ತೆಗೆದ ವಿಡಿಯೊ, ಜತೆಗೆ ಮನಸ್ಸಿನ ತೊಂದರೆಗಳು ಇವನ್ನೂ ಪರಿಗಣಿಸಲಿ. ಹಾಸಿಗೆ ಹಿಡಿದವರ ಮನೆಗೇ ತಂಡ ಹೋಗಲಿ. ಆರೈಕೆದಾರರ ಭತ್ಯೆಯ ಅರ್ಜಿ ಎಲ್ಲಿ, ಹೇಗೆ ಎಂದು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೂ ಸೇರಿದ ವಿಷಯವೆಂದು ಬಲ್ಲೆ, ತಾವು ಒಂದು ಮಾತು ಹೇಳಿದರೆ ಅವರು ಕೇಳದೆ ಇರಲಾರರು.

ಆಶಾ ಕಾರ್ಯಕರ್ತೆಯರಿಗೆ, ಪುನರ್ವಸತಿ ಕಾರ್ಯಕರ್ತರಿಗೆ, ಟೆಲಿ ಮಾನಸ್ ಆಪ್ತಸಮಾಲೋಚಕರಿಗೆ ಈ ಕಾಯಿಲೆಯ ಬಗ್ಗೆ ಒಂದು ದಿನದ ತರಬೇತಿ ಕೊಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ಮಧ್ಯಾಹ್ನ ನಮಗೊಂದು ಹಾಲ್ ಬಿಟ್ಟುಕೊಡಿ. ಮುಂಬೈಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ದೇಶದ ಹಲವು ಊರುಗಳಲ್ಲಿ ಉಚಿತವಾಗಿ ಇಂಥ ಗುಂಪುಗಳನ್ನು ನಡೆಸುತ್ತದೆ: ವ್ಯಾಯಾಮ, ಗಟ್ಟಿಯಾಗಿ ಮಾತಾಡುವ ಅಭ್ಯಾಸ, ಹಾಡು, ಮನೆಯವರ ಜತೆ ಮಾತುಕತೆ. ಅದು ದೊಡ್ಡ ಊರುಗಳ ಸೌಭಾಗ್ಯವಾಗಿಯೇ ಉಳಿಯಬಾರದು. ನೆದರ್ಲೆಂಡ್ಸ್‌ನಲ್ಲಿ 2004ರಿಂದ ಪಾರ್ಕಿನ್ಸನ್‌ನೆಟ್ ಎಂಬ ವ್ಯವಸ್ಥೆ ಇದೆ. ಊರೂರಿನ ಫಿಸಿಯೋಥೆರಪಿ, ಸ್ಪೀಚ್ ಥೆರಪಿಯವರಿಗೆ ಈ ಕಾಯಿಲೆಯ ತರಬೇತಿ ಕೊಟ್ಟು ಒಂದೇ ಜಾಲದಲ್ಲಿ ಸೇರಿಸಿದ್ದಾರೆ. ಅವರ ಹಣ ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಇರುವವರನ್ನು ಒಂದೆಡೆ ಸೇರಿಸುವುದಕ್ಕೆ ಹಣಕ್ಕಿಂತ ಹೆಚ್ಚಾಗಿ ಒಂದು ಆದೇಶ ಬೇಕು.

ಲಕ್ಷಾಂತರ ಬಿ.ಪಿ., ಶುಗರ್ ರೋಗಿಗಳ ನಡುವೆ ನೀವೆಷ್ಟು ಜನ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಯುಸ್ಸು ಹೆಚ್ಚಿದಂತೆ ಈ ಸಂಖ್ಯೆಯೂ ಏರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಎಂಬುದಕ್ಕೆ ನನ್ನ ಬಳಿ ಲೆಕ್ಕವಿಲ್ಲ. ಅದನ್ನು ಇಟ್ಟುಕೊಳ್ಳಬೇಕಾದವರು ತಾವು.

ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಅಂದು ಜಾಥಾ, ಬ್ಯಾನರು, ಭಾಷಣ ನಮಗೆ ಬೇಡ; ನಮ್ಮವರು ಜಾಥಾದಲ್ಲಿ ನಡೆಯಲಾರರು. ಮುಂದಿನ ಏಪ್ರಿಲ್ 11ರ ಒಳಗೆ ಒಂದು ಜಿಲ್ಲೆಯಲ್ಲಾದರೂ ಆ ತಿಂಗಳ ಕ್ಲಿನಿಕ್ ಶುರುವಾಗಲಿ. ತುಮಕೂರನ್ನೇ ಆರಿಸಿಕೊಂಡರೆ ನಮ್ಮ ಕಡೆಯ ಹಳ್ಳಿಗಳಿಂದ ರೋಗಿಗಳನ್ನು ಕರೆತರುವ ಕೆಲಸ ನನ್ನದು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಆಟೊ ಓಡಿಸುತ್ತಾರೆ, ಮಾತಾಡಿಯಾಗಿದೆ. ನೋಂದಣಿಗೆ ಪುಸ್ತಕ ಬೇಕಾದರೆ ಅದನ್ನೂ ನಾನೇ ಬರೆಯುತ್ತೇನೆ. ಯಾವ ದಿನ, ಯಾವ ಕೋಣೆ ಎಂದು ತಿಳಿಸಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಪಾರ್ಕಿನ್ಸನ್ ರೋಗಿಯೊಬ್ಬರ ಪತ್ನಿ, ನಿವೃತ್ತ ಶಿಕ್ಷಕಿ
ತಿಪಟೂರು, ತುಮಕೂರು ಜಿಲ್ಲೆ

ಪ್ರತಿ: ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ; ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ತುಮಕೂರು.